ದಾರ ಇಲ್ಲದ ಕೈ

ನನ್ನ ಬಲಗೈ ಮಣಿಕಟ್ಟಿನಲ್ಲಿ ಒಂದು ಕಲೆಯಿದೆ. ನಿನ್ನೆಯವರೆಗೆ ಇದನ್ನು ಯಾರಿಗೂ ಹೇಳಿರಲಿಲ್ಲ. ನನಗೆ ನಾನೇ ಹೇಳಿಕೊಳ್ಳುವಾಗಲೂ ದನಿ ತಗ್ಗಿಸುತ್ತಿದ್ದೆ. ದೊಡ್ಡ ಕಲೆಯೇನಲ್ಲ. ಸುಟ್ಟ ಹಪ್ಪಳದ ಅಂಚಿನ ಹಾಗೆ ಒಣಗಿ ಎದ್ದಿದೆ, ಸುತ್ತ ಒಂದಿಷ್ಟು ಕೆಂಪು. ಕಲೆ ಇರುವುದು ನಮ್ಮೂರಿನಲ್ಲಿ ಈಗ ನಾಚಿಕೆಯ ವಿಷಯವೂ ಅಲ್ಲ, ಹೆಚ್ಚುಕಡಿಮೆ ಎಲ್ಲರಿಗೂ ಇದೆ. ಆದರೆ ಅವರೆಲ್ಲರ ಕಲೆ ರಕ್ಷೆಯ ದಾರದ ಕೆಳಗಿದೆ. ನನ್ನ ಬಲಗೈಯಲ್ಲಿ ದಾರವಿಲ್ಲ.

ದಾರದ ಕೆಳಗೆ ಕಲೆ ಎದ್ದರೆ, ತಂಪಿನವರ ರೋಗ ಅಲ್ಲಿಯವರೆಗೆ ಬಂದು ದಾರಕ್ಕೆ ಸಿಕ್ಕಿ ನಿಂತಿತು ಎಂದು ಅರ್ಥ. ಅಂಥವರು ತಡೆದವರು. ಅವರು ಕೈ ಎತ್ತಿ ಎತ್ತಿ ಮಾತಾಡುತ್ತಾರೆ. ದಾರವಿಲ್ಲದ ಕಡೆ ಕಲೆ ಕಂಡರೆ ರೋಗ ಒಳಕ್ಕೆ ದಾಟಿತು ಎಂದು ಅರ್ಥ. ಅಂಥವರು ದಾಟಿದವರು. ದಾಟಿದವರಿಗೆ ಅಂಗಡಿಯಲ್ಲಿ ಸಾಮಾನು ಕೈಗೆ ಕೊಡುವುದಿಲ್ಲ, ಕಟ್ಟೆಯ ಮೇಲಿಟ್ಟು ಹಿಂದೆ ಸರಿಯುತ್ತಾರೆ. ಅವರ ಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಬೀಳುತ್ತದೆ. ಆದ್ದರಿಂದ ನಾನು ಈ ಉರಿಬಿಸಿಲಿನಲ್ಲಿಯೂ ಉದ್ದ ತೋಳಿನ ಚೂಡಿದಾರ ಹಾಕಿಕೊಂಡು ಓಡಾಡುತ್ತಿದ್ದೆ. ಕೇಳಿದವರಿಗೆ ಬಿಸಿಲಿಗೆ ಕೈ ಕಪ್ಪಾಗುತ್ತದೆ ಎನ್ನುತ್ತಿದ್ದೆ. ಗಂಡು ನೋಡ್ತಿದ್ದಾರೆ ಅಂತ ಕಾಣುತ್ತೆ ಎಂದು ಅವರು ನಗುತ್ತಿದ್ದರು. ನಗಲಿ.

ತಂಪಿನವರು ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ನಮ್ಮದು ಕಲ್ಲಿನ ಊರು. ನೆಲ ಕಲ್ಲು, ಗೋಡೆ ಕಲ್ಲು, ಸೂರಿಗೂ ಕಲ್ಲಿನ ಚಪ್ಪಡಿ. ಹಗಲೆಲ್ಲ ಕುಡಿದ ಬಿಸಿಲನ್ನು ಮನೆ ರಾತ್ರಿಯೆಲ್ಲ ಕಾರುತ್ತದೆ. ಅಂಥ ಊರಿಗೆ ಒಂದು ಬೇಸಿಗೆಯ ಬೆಳಗ್ಗೆ ಅವರು ಆಕಾಶದಿಂದ ಇಳಿದು ಚಪ್ಪಡಿ ಕೊಯ್ಯುವ ಅಂಗಳದ ನೆರಳಿನಲ್ಲಿ ಸಾಲಾಗಿ ಕೂತಿದ್ದರು. ಸೊಂಟದೆತ್ತರ, ಕಪ್ಪು ಮಣ್ಣಿನ ಬಣ್ಣ, ಮುಖ ಎಂದು ಹೇಳುವಂಥದ್ದೇನಿಲ್ಲ. ನಡೆದರೆ ಸುರಿದಂತೆ ಮುಂದಕ್ಕೆ ಹರಿಯುತ್ತಾರೆ. ಮೈಮೇಲೆ ಸದಾ ನೀರಹನಿ. ಮಾತು ಎಂದರೆ ಬಿಂದಿಗೆ ತುಂಬುವ ಸದ್ದು. ಊರವರು ಹೆದರಿದ್ದು ಒಂದು ಬೆಳಗಿನ ಮಟ್ಟಿಗೆ. ಮಧ್ಯಾಹ್ನ ಹಾಲಿನವನು ಕ್ಯಾನನ್ನು ಅವರ ಪಕ್ಕ ಇಟ್ಟು ನೋಡಿದ, ಹಾಲು ಒಡೆಯಲಿಲ್ಲ. ಸಂಜೆಗೆ ಅವರನ್ನು ಮನೆಗೆ ಕರೆದುಕೊಂಡು ಹೋಗಲು ಊರಿನಲ್ಲಿ ಜಗಳವೇ ಆಯಿತು.

ಆಮೇಲೆ ಅವರಿಲ್ಲದೆ ಏನೂ ನಡೆಯದು ಎಂಬಂತಾಯಿತು. ದರ್ಜಿ ಅವರಿಗೆ ಬೆನ್ನು ಕೊಟ್ಟು ಕೂತು ಹೊಲಿದ. ಹೂವಿನ ಅಂಗಡಿಯಲ್ಲಿ ಒಬ್ಬರು, ಬಾಣಂತಿಯ ಕೋಣೆಯಲ್ಲಿ ಒಬ್ಬರು. ಮದುವೆ ಮಂಟಪದಲ್ಲಿ ಮದುಮಗಳ ಮುಖದ ಪೌಡರು ಕರಗದಿರಲೆಂದು ಅವಳ ಹಿಂದೆ ಒಬ್ಬರನ್ನು ಕೂರಿಸಿ, ಕಾಣದಂತೆ ಜರಿ ಸೀರೆ ಹೊದಿಸುವುದು ಶಾಸ್ತ್ರವೇ ಆಗಿಹೋಯಿತು. ನಮ್ಮ ಮನೆಗೆ ಬಂದವರಿಗೆ ಅಜ್ಜಿ ಹೂಜಿ ಎಂದು ಹೆಸರಿಟ್ಟಳು. ಊಟ ಮುಗಿಸಿ ಹೂಜಿಗೆ ಒರಗಿ ಎಲೆಯಡಿಕೆ ಮೆಲ್ಲುತ್ತ, ಸೊಸೆಯ ಮೇಲಿನ ದೂರುಗಳನ್ನೆಲ್ಲ ಅದಕ್ಕೆ ಹೇಳುವಳು. ಅದು ಗುಳುಗುಳು ಎನ್ನುವುದು. "ನೋಡು, ಇದು ಒಪ್ಪಿಕೊಳ್ತು," ಎಂದು ಅಡುಗೆಮನೆಯಲ್ಲಿರುವ ಅಮ್ಮನಿಗೆ ಕೇಳಿಸುವಂತೆ ಹೇಳುವಳು. "ಅದಕ್ಕೇನು, ನಾನು ಹೇಳಿದ್ರೂ ಒಪ್ಪಿಕೊಳ್ಳುತ್ತೆ," ಎಂದು ಅಮ್ಮ ಒಳಗಿನಿಂದಲೇ ಉತ್ತರ ಕೊಡುವಳು.

ನಾನು ಮಾತ್ರ ಹೂಜಿಯನ್ನು ಮುಟ್ಟಲಿಲ್ಲ. ಅಸಹ್ಯವಲ್ಲ, ಸಂಕೋಚ. ಎಲ್ಲರೂ ಗೋಡೆಗೆ ಒರಗಿದಂತೆ ಒರಗುತ್ತಿದ್ದರು. ಒರಗಲೇ ಎಂದು ಕೇಳಬೇಕಲ್ಲವೇ ಎಂದು ನನಗನ್ನಿಸುತ್ತಿತ್ತು. ಕೇಳುವುದು ಹೇಗೆಂದು ಗೊತ್ತಿರಲಿಲ್ಲ. ಮನುಷ್ಯರ ಹತ್ತಿರವೇ ಏನನ್ನೂ ಕೇಳಲಾರದವಳು ನಾನು. ಹೇಳಲೂ ಆರೆ. ಡೈರಿಯಲ್ಲಿ ಮಾತ್ರ ದೊಡ್ಡ ಜಗಳಗಂಟಿ. ಅಲ್ಲಿ ಈ ಊರಿನ ಒಬ್ಬರನ್ನೂ ಬಿಟ್ಟಿಲ್ಲ.

ಈ ಬೇಸಿಗೆಯ ಶುರುವಿನಲ್ಲಿ ಊರಿಗೆ ಜ್ವರ ಬಂತು. ಪ್ರತಿ ವರ್ಷ ಬಂದು ಮೂಗು ಸೋರಿಸಿ ಹೋಗುವ ಜ್ವರವೇ. ಆದರೆ ಚಪ್ಪಡಿ ವ್ಯಾಪಾರದ ಓಂಕಾರಪ್ಪನವರಿಗೆ ಈ ಸಲ ಹೊಸ ಯೋಚನೆ ಹೊಳೆಯಿತು. "ಬೇರೆ ಲೋಕದ ಮೈ ಅಂದ್ಮೇಲೆ ಬೇರೆ ಲೋಕದ ರೋಗಾನೂ ಇರಲೇಬೇಕಲ್ಲ," ಎಂದರು. ಆರೋಗ್ಯ ಸಮಿತಿಯಾಯಿತು, ಅವರೇ ಅಧ್ಯಕ್ಷರಾದರು. ರಕ್ಷೆಯ ದಾರ ಮಾಡಿ ಹಂಚುವ ಕೆಲಸ ಅಮ್ಮನ ಮಹಿಳಾ ಸಂಘಕ್ಕೆ ಬಂತು. ನಮ್ಮ ಹಿತ್ತಲಲ್ಲೇ ಒಲೆ ಹೂಡಿದರು. ದೊಡ್ಡ ಹಂಡೆಯಲ್ಲಿ ಹತ್ತಿ ದಾರ ಹಾಕಿ, ನೀರು ಬೆರೆಸದ ಫಿನಾಯಿಲು ಸುರಿದು ಕುದಿಸಿದರು. ನೆಲದ ಹುಳ ಸಾಯೋದಾದ್ರೆ ಆಕಾಶದ ಹುಳ ಸಾಯಲ್ವಾ ಎಂಬುದು ಲೆಕ್ಕಾಚಾರ. ಬರೀ ಬಿಳಿ ದಾರ ಕಟ್ಟಬಾರದು ಎಂದು ಯಾರೋ ನೆನಪಿಸಿದ್ದಕ್ಕೆ ಮೇಲೊಂದು ಬೊಗಸೆ ಅರಿಸಿನ.

ದಾರ ಕಟ್ಟಿ ವಾರ ಕಳೆಯುವುದರೊಳಗೆ ಕಲೆಗಳು ಎದ್ದವು. ಸದ್ಯ, ದಾರ ಕಟ್ಟಿಕೊಂಡಿದ್ದೆವು ಎಂದು ಊರಿಗೆ ಊರೇ ನಿಟ್ಟುಸಿರುಬಿಟ್ಟಿತು. ರೋಗ ಜೋರಾಗಿದೆ ಎಂದು ಹಂಡೆಗೆ ಇನ್ನೊಂದು ಮಗ್ಗು ಫಿನಾಯಿಲು ಬಿತ್ತು. ಕಲೆಗಳು ಗುಳ್ಳೆಗಳಾದವು. ಮತ್ತೊಂದು ಮಗ್ಗು ಬಿತ್ತು.

ಅದರ ಬೆನ್ನಿಗೇ ತಂಪಿನವರನ್ನೆಲ್ಲ ಮನೆಮನೆಯಿಂದ ಹೊರಡಿಸಿ ಊರಾಚೆಯ ಹಳೆಯ ಗೋದಾಮಿಗೆ ತುಂಬಿದರು. ತುಂಬಿದವರು ಯಾರು? ಅವರ ಬೆನ್ನಿಗೆ ಬೆನ್ನು ಕೊಟ್ಟು ಗೊರಕೆ ಹೊಡೆದವರೇ. ಪಕ್ಕದ ಮನೆಯ ಚನ್ನಬಸಮ್ಮ ತನ್ನ ಮಗಳ ಮದುವೆಯಲ್ಲಿ ಜರಿ ಸೀರೆ ಹೊದಿಸಿದ್ದು ಯಾರಿಗೋ, ಅವರನ್ನೇ ಕಸಪೊರಕೆಯ ಹಿಡಿಯಿಂದ ತಿವಿದು ಅಂಗಳ ದಾಟಿಸಿದಳು. "ಮೊದಲಿಂದಲೂ ನನಗೆ ಇವುಗಳ ಮೇಲೆ ಅನುಮಾನ ಕಣಮ್ಮ," ಎಂದಳು ಅಮ್ಮನಿಗೆ. ಮೊದಲಿಂದಲೂ ಅಂತೆ. ಅಷ್ಟು ಬೇಸಿಗೆ ಅವಳ ಮನೆಯ ಮೊಸರು ಹುಳಿಯಾಗದಂತೆ ಕಾದದ್ದು ಅನುಮಾನವೇ ಇರಬೇಕು. ಇದನ್ನೂ ನಾನು ಹೇಳಲಿಲ್ಲ, ಬರೆದುಕೊಂಡೆ.

ಹೂಜಿಯನ್ನು ಕರೆದೊಯ್ಯಲು ಬಂದಾಗ ಅಜ್ಜಿ ಬಾಗಿಲಿಗೆ ಅಡ್ಡ ಕೂತಳು. ಅಜ್ಜಿ ದಾರ ಕಟ್ಟಿಸಿಕೊಂಡಿರಲಿಲ್ಲ. ಫಿನಾಯಿಲು ವಾಸನೆ ಇಟ್ಟುಕೊಂಡು ಊಟ ಮಾಡೋದು ಹೇಗೆ ಎಂದು ಬಿಸಾಡಿದ್ದಳು. ಅವಳ ಕೈ ನೋಡಿದರೆ ಒಂದು ಗೀರೂ ಇಲ್ಲ. ಓಂಕಾರಪ್ಪನವರು ಅದನ್ನು ಗಮನಿಸಿ, "ವಯಸ್ಸಾದವರ ಮೈ ರೋಗಕ್ಕೂ ಬೇಡವಾಗಿರುತ್ತೆ," ಎಂದು ನಕ್ಕರು.

"ಹೌದಪ್ಪ," ಎಂದಳು ಅಜ್ಜಿ. "ನಿನ್ನ ಮೈಯೇ ಸೊಂಪಾಗಿದೆ. ಅದಕ್ಕೇ ಬೇರೆ ಲೋಕದಿಂದ ಹುಡುಕಿಕೊಂಡು ಬಂದಿದೆ."

ಆದರೂ ಹೂಜಿ ಹೋಯಿತು.

ಅದಾದ ಮೇಲೆ ಓಂಕಾರಪ್ಪನವರು ನನ್ನನ್ನು ಸಮಿತಿಗೆ ಕರೆಸಿದರು. ನಾನು ಕಾಲೇಜಿನಲ್ಲಿ ಓದಿದ್ದು ಸೂಕ್ಷ್ಮಜೀವಿಗಳ ವಿಷಯ. ಊರಿನಲ್ಲಿ ಅದನ್ನು ಓದಿದವಳು ನಾನೊಬ್ಬಳೇ. ಹಿಂದಿನ ದಿನವೆಲ್ಲ ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಬದನೆ ಗಿಡಕ್ಕೆ ಬರುವ ಎಲೆಸುರುಳಿ ರೋಗ ಬದನೆಕಾಯಿ ಹೆಚ್ಚುವವಳಿಗೆ ಬರುವುದಿಲ್ಲ. ರೋಗಾಣು ಸಿಕ್ಕಿದ ಮನೆಗೆಲ್ಲ ನುಗ್ಗುವ ಕಳ್ಳನಲ್ಲ. ಅದರ ಬಳಿ ಇರುವ ಬೀಗದಕೈಗೆ ಹೊಂದುವ ಬಾಗಿಲು ಬೇಕು. ನಾವೂ ಬದನೆಯೂ ಒಂದೇ ಮಣ್ಣಿನವರು, ಎಲ್ಲೋ ದೂರದ ನೆಂಟರು. ಆ ನೆಂಟರ ರೋಗವೇ ನಮಗೆ ಅಂಟದಿರುವಾಗ, ಈ ಮಣ್ಣನ್ನೇ ಕಾಣದೆ ಬೆಳೆದವರ ರೋಗ ನಮ್ಮ ಯಾವ ಬಾಗಿಲನ್ನು ತೆಗೆದೀತು? ಇಷ್ಟು ಹೇಳಬೇಕೆಂದಿದ್ದೆ. ಆದರೆ ಬೂಷ್ಟು ಎಂಬುದೊಂದಿದೆಯಲ್ಲ, ಅದು ನನ್ನನ್ನು ಕಾಡುತ್ತಿತ್ತು. ಬೂಷ್ಟು ನೆಂಟಸ್ತಿಕೆ ಕೇಳುವುದಿಲ್ಲ. ರೊಟ್ಟಿ, ಚಪ್ಪಲಿ, ಗೋಡೆ, ತೇವ ಸಿಕ್ಕಿದ ಕಡೆ ಕೂರುತ್ತದೆ. ಅಂಥದ್ದೊಂದು ಅತ್ತಿಂದಿತ್ತ ಹೋಗಲಾರದು ಎಂದು ಆಣೆ ಮಾಡಲು ನನ್ನಿಂದಾಗದು.

ಓಂಕಾರಪ್ಪನವರು ಇದಾವುದನ್ನೂ ಕೇಳಲಿಲ್ಲ. "ನೋಡಮ್ಮ ವಾರಿಜಾ, ಉದ್ದಕ್ಕೆ ಬೇಡ. ಅವರಿಂದ ನಮಗೆ ರೋಗ ಅಂಟೋದೇ ಇಲ್ಲ ಅಂತ ಖಡಾಖಂಡಿತ ಹೇಳ್ತೀಯಾ?" ಎಂದರು.

"ಖಡಾಖಂಡಿತ ಅಂತ ಹೇಳೋಕೆ..."

"ಹೇಳೋಕಾಗಲ್ಲ. ಅಲ್ವಾ?"

ನಾನು ಕಾಲ ಬೆರಳು ನೋಡಿಕೊಂಡೆ. ಅವರು ಎಲ್ಲರ ಕಡೆ ತಿರುಗಿ, "ಓದಿದ ಹುಡುಗಿಗೇ ಇಲ್ಲ ಅನ್ನೋ ಧೈರ್ಯ ಇಲ್ಲ," ಎಂದರು. ಮರುದಿನದಿಂದ, ರೋಗ ಅಂಟುತ್ತದೆ ಎಂದು ಕಾಲೇಜು ಓದಿದ ವಾರಿಜಳೇ ಒಪ್ಪಿದ್ದಾಳೆ ಎಂಬ ಮಾತು ಊರೆಲ್ಲ ಓಡಾಡಿತು. ನನಗೆ ಗೊತ್ತಿಲ್ಲ ಎಂದು ಹೇಳುವಷ್ಟು ಪ್ರಾಮಾಣಿಕಳಾದದ್ದಕ್ಕೆ, ಏನೂ ಗೊತ್ತಿಲ್ಲದವರು ನನ್ನ ಹೆಸರನ್ನು ಅಡವಿಟ್ಟುಕೊಂಡರು. ಆ ದಿನದ ಪುಟದಲ್ಲಿ ನನ್ನ ಪೆನ್ನು ಕಾಗದವನ್ನು ಹರಿದುಬಿಟ್ಟಿದೆ.

ಹರಿಯಲು ಇನ್ನೊಂದು ಕಾರಣವೂ ಇತ್ತು. ಬರೆಯುವಾಗ ಬಲಗೈಯ ದಾರ ಹಾಳೆಗೆ ಉಜ್ಜಿ ಗುಳ್ಳೆ ಒಡೆಯುತ್ತಿತ್ತು. ತಡೆಯಲಾರದೆ ದಾರ ಬಿಚ್ಚಿ ಎಡಗೈಗೆ ಕಟ್ಟಿಕೊಂಡೆ. ಯಾವ ಕೈಗೆ ಕಟ್ಟಬೇಕೆಂದು ಸಮಿತಿ ಹೇಳಿರಲಿಲ್ಲ. ಸ್ವಲ್ಪ ದಿನ ಕಳೆಯುವುದರಲ್ಲಿ ಬಲಗೈ ಒಣಗತೊಡಗಿತು, ಎಡಗೈ ದಾರದ ಕೆಳಗೆ ಕೆಂಪಗೆ ಕುದಿಯತೊಡಗಿತು. ಹೂಜಿ ಆಗಲೇ ಗೋದಾಮಿನಲ್ಲಿತ್ತು. ಇದ್ದಾಗಲೂ ನಾನು ಮುಟ್ಟಿರಲಿಲ್ಲ. ಬದನೆಯ ಉಪಮೆ ಬೇಕಾಗಿರಲಿಲ್ಲ, ಬೂಷ್ಟಿನ ಅನುಮಾನವೂ ಬೇಕಾಗಿರಲಿಲ್ಲ. ನನ್ನ ಎರಡು ಕೈ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕಿತ್ತು. ಆದರೆ ನೋಡಿದವರಿಗೆ ಮೊದಲು ಕಾಣುವುದು ದಾರವಿಲ್ಲದ ಕೈಯ ಕಲೆ. ದಾಟಿದವಳು.

ಅಮ್ಮನಿಗಾದರೂ ತೋರಿಸೋಣವೆಂದು ಹಿತ್ತಲಿಗೆ ಹೋದೆ. ಅಮ್ಮ ಹಂಡೆಯಿಂದ ದಾರ ಎತ್ತಿ ಹಿಂಡಿ ಹಗ್ಗದ ಮೇಲೆ ಹರವುತ್ತಿದ್ದಳು. ಅವಳ ಕೈಗಳ ಚರ್ಮ ಮೊಣಕೈಯವರೆಗೂ ಸುಲಿದಿದೆ. ಹಳೆಯ ಪಂಚೆಯ ಬಟ್ಟೆ ಸುತ್ತಿಕೊಂಡು, ಅದು ನೆಂದಾಗ ಬಿಚ್ಚಿ ಬೇರೆ ಸುತ್ತಿಕೊಳ್ಳುತ್ತಾಳೆ. ದಾರ ಕುದಿಸುವ ಹೆಂಗಸರನ್ನು ಮಾತ್ರ ಯಾರೂ ದಾಟಿದವರು ಎನ್ನುವುದಿಲ್ಲ. ಊರಿಗೆ ಬರುವುದನ್ನು ತಾವು ತೆಗೆದುಕೊಂಡ ತಾಯಂದಿರು ಎಂದು ಓಂಕಾರಪ್ಪನವರು ಒಂದು ಸಭೆಯಲ್ಲಿ ಶಾಲು ಹೊದಿಸಿದ್ದರು.

"ಅಮ್ಮ, ಸ್ವಲ್ಪ ದಿನ ಬಿಟ್ಟು ನೋಡಬಾರದಾ?" ಎಂದೆ.

"ಏನನ್ನ?"

"ಇದನ್ನ. ಕುದಿಸೋದನ್ನ."

ಅಮ್ಮ ನನ್ನ ಕಡೆ ನೋಡಿದಳು. "ಊರಿಗೋಸ್ಕರ ಕೈ ಸುಟ್ಕೊಂಡಿದೀನಿ ವಾರಿ. ಜೀವನದಲ್ಲಿ ಒಂದು ಸಲ ಜನ ನನ್ನ ಹೆಸರು ಹಿಡಿದು ಮಾತಾಡಿಸ್ತಿದ್ದಾರೆ. ಇಷ್ಟು ವರ್ಷ ಯಾರಿಗೆ ಗೊತ್ತಿತ್ತು ದಾಕ್ಷಾಯಿಣಿ ಅಂದ್ರೆ? ಬಿಟ್ಟು ಏನು ನೋಡ್ಲಿ, ಹೇಳು."

ಹೇಳಿದರೆ ಅವಳ ಕೈಗೆ ಏನು ಉಳಿಯುತ್ತದೆ? ರೋಗವನ್ನು ತಡೆಯಲು ಸುಟ್ಟ ಕೈ ಎಂಬುದು ಹೋಗಿ, ಸುಮ್ಮನೆ ಸುಟ್ಟ ಕೈ ಎಂಬುದಷ್ಟೇ ಉಳಿಯುತ್ತದೆ. ಹಿಂಡಿದ ದಾರದಿಂದ ಅರಿಸಿನದ ನೀರು ಅವಳ ಮೊಣಕೈಗೆ ಇಳಿಯುತ್ತಿತ್ತು. ಅವಳು ಹಲ್ಲು ಕಚ್ಚಿದಳು, ನಿಲ್ಲಿಸಲಿಲ್ಲ.

ಅಜ್ಜಿಯ ಹಟಕ್ಕೆ ಒಂದು ದಿನ ಅವಳ ಜೊತೆ ಗೋದಾಮಿಗೆ ಹೋದೆ. ಕಾವಲಿನವನು ಒಳಗೆ ಬಿಡಲಿಲ್ಲ, ಸರಳಿನ ಕಿಟಕಿ ತೋರಿಸಿದ. ಒಳಗೆ ತಂಪಿನವರನ್ನು ಒತ್ತೊತ್ತಾಗಿ ನಿಲ್ಲಿಸಿ, ರೋಗ ಹಾರದಿರಲೆಂದು ಮೇಲೆ ಹಳೆಯ ಗೋಣಿತಾಟು ಮುಚ್ಚಿದ್ದರು. ಅವರ ಮೈಯ ಹನಿಯಿಂದ ತಾಟು ತೊಯ್ದು ಮುಗ್ಗಲು ನಾತ ಬರುತ್ತಿತ್ತು. ಅಜ್ಜಿ ಕೂಗಿದ್ದಕ್ಕೆ ಒಂದು ತಾಟು ನಿಧಾನವಾಗಿ ಕಿಟಕಿಯ ಕಡೆ ಹರಿದು ಬಂತು. ಜಾರಿದ ತಾಟಿನ ಕೆಳಗೆ ಹೂಜಿಯ ಮೈ ಕಂಡಿತು. ಕಪ್ಪು ಮೈಮೇಲೆ ಅಲ್ಲಲ್ಲಿ ಬೂದುಹಸಿರು ಪುಡಿ. ನನಗೆ ಅದು ಚೆನ್ನಾಗಿ ಗೊತ್ತು. ಮಳೆಗಾಲದಲ್ಲಿ ನಮ್ಮ ರೊಟ್ಟಿಯ ಮೇಲೆ, ನಮ್ಮ ಚಪ್ಪಲಿಯ ಮೇಲೆ ಕೂರುವ ನಮ್ಮದೇ ಬೂಷ್ಟು. ಅವರಿಂದ ನಮಗೇನು ಬಂದೀತು ಎಂದು ಇಡೀ ಊರು ತಲೆ ಕೆಡಿಸಿಕೊಂಡು ಕೂತಿತ್ತು. ನಮ್ಮಿಂದ ಅವರಿಗೇನು ಹೋದೀತು ಎಂದು ಒಬ್ಬರಾದರೂ ಕೇಳಿದ್ದರೆ? ಓದಿದ ನಾನೂ ಕೇಳಿರಲಿಲ್ಲ.

ಅಜ್ಜಿ ಸರಳಿನೊಳಗೆ ಕೈ ತೂರಿಸಿ ಅದರ ಮೈಮೇಲಿಟ್ಟಳು. "ವಾರಿ, ಇದು ಬಿಸಿಯಾಗಿದೆ ಕಣೇ," ಎಂದಳು. "ನನ್ನ ಮೈಯಷ್ಟೇ ಬಿಸಿಯಾಗಿದೆ." ಹೂಜಿ ಗುಳುಗುಳು ಎನ್ನಲಿಲ್ಲ. ತಳದಲ್ಲಿ ಉಳಿದ ನೀರು ಅಲ್ಲಾಡಿದಂತೆ ಏನೋ ಒಂದು ಸದ್ದು ಬಂತು, ಅಷ್ಟೇ.

ನಿನ್ನೆ ಸಂತೆಯ ಚಪ್ಪರದಲ್ಲಿ ಊರ ಸಭೆ ಸೇರಿತು. ತಂಪಿನವರನ್ನೆಲ್ಲ ಹಳೆಯ ಕ್ವಾರಿ ಗುಂಡಿಗೆ ಇಳಿಸಿಬಿಡುವುದೆಂದು ಸಮಿತಿಯ ಠರಾವು. ಕ್ವಾರಿ ಗುಂಡಿಯಲ್ಲಿ ಒಂದು ಹುಲ್ಲುಗರಿಯೂ ಇಲ್ಲ. ಬೇಸಿಗೆಯಲ್ಲಿ ಅಲ್ಲಿ ಬರಿಗಾಲಿಡಲು ಆಗುವುದಿಲ್ಲ.

"ಯಾರನ್ನೂ ಕೊಲ್ತಿಲ್ಲ," ಎಂದರು ಓಂಕಾರಪ್ಪನವರು. "ಇದು ಸ್ಥಳಾಂತರ ಅಷ್ಟೇ."

"ಕಾದ ಬಾಣಲೆಗೆ ಹಾಕೋದಕ್ಕೆ ಈಗ ಸ್ಥಳಾಂತರ ಅಂತಾರೇನಪ್ಪ?" ಎಂದಳು ಅಜ್ಜಿ ಕೂತಲ್ಲಿಂದಲೇ.

ಕೆಲವರು ನಕ್ಕರು. ನಕ್ಕವರು ಮತ್ತೆ ಗಂಭೀರರಾದರು. ಚನ್ನಬಸಮ್ಮ ನನ್ನ ಮುಂದೆ ಕೂತಿದ್ದವಳು ಹಿಂದೆ ತಿರುಗಿ, "ನಿಮ್ಮಜ್ಜಿಗೆ ಮನುಷ್ಯರಿಗಿಂತ ಹೂಜಿಯೇ ಹೆಚ್ಚು," ಎಂದು ಪಿಸುಗುಟ್ಟಿದಳು. ಅಮ್ಮ ಮುಂದಿನ ಸಾಲಿನಲ್ಲಿ, ಸಂಘದ ಹೆಂಗಸರ ನಡುವೆ, ಬಟ್ಟೆ ಸುತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಒಪ್ಪಿಗೆ ಇರೋರು ದಾರದ ಕೈ ಎತ್ತಿ," ಎಂದರು ಓಂಕಾರಪ್ಪನವರು.

ಕೈಗಳು ಎದ್ದವು. ಎದ್ದ ಕೈಗಳಿಂದ ಅಂಗಿಯ ತೋಳುಗಳು ಕೆಳಕ್ಕೆ ಜಾರಿದವು. ನಾನು ಹಿಂದಿನ ಸಾಲಿನಿಂದ ಅವೆಲ್ಲವನ್ನೂ ಒಟ್ಟಿಗೆ ನೋಡಿದೆ. ದರ್ಜಿಯ ಕೈ, ಹಾಲಿನವನ ಕೈ, ಹೂವಿನವಳ ಕೈ. ಪ್ರತಿಯೊಂದರಲ್ಲಿಯೂ ಹಳದಿ ದಾರ, ಅದರ ಕೆಳಗೆ ದಾರದಷ್ಟೇ ಅಗಲದ, ದಾರದ ಹಾಗೆಯೇ ಸುತ್ತಿಕೊಂಡ ಹುಣ್ಣು. ಬಳೆ ತೊಡಿಸಿದಂತೆ. ಯಾವ ಲೋಕದ ರೋಗ ಹೀಗೆ ಅಳತೆ ತೆಗೆದು ಕೂರುತ್ತದೆ? ಕಣ್ಣೆದುರಿಗೆ ಇಷ್ಟು ದೊಡ್ಡದಾಗಿ ಬರೆದಿಟ್ಟಿದ್ದರೂ ಓದದೆ ಇರಲು ಎಷ್ಟು ಶ್ರಮಪಡಬೇಕು ಈ ಜನ. ನನ್ನ ಕಿವಿ ಬಿಸಿಯಾಯಿತು. ಹೆದರಿಕೆಗೂ ನನಗೆ ಹೀಗೇ ಆಗುತ್ತದೆ, ಆದರೆ ಇದು ಹೆದರಿಕೆಯಲ್ಲ.

"ವಾರಿಜಾ, ನೀನೂ ಎತ್ತಮ್ಮ," ಎಂದರು ಓಂಕಾರಪ್ಪನವರು. "ಓದಿದವಳು. ನೀನು ಎತ್ತಿದ್ರೆ ಸಭೆಗೊಂದು ತೂಕ."

ಎದ್ದು ನಿಂತೆ. ಚೂಡಿದಾರದ ಬಲತೋಳನ್ನು ಮೊಣಕೈಯವರೆಗೆ ಮಡಚಿ, ಆ ಕೈಯನ್ನೇ ಎತ್ತಿದೆ.

ಮೊದಲು ಕಂಡದ್ದು ಚನ್ನಬಸಮ್ಮನಿಗೆ. "ಅಯ್ಯೋ ಶಿವನೇ, ಇವಳಿಗೆ ದಾಟಿದೆ," ಎಂದು ಸೀರೆ ಎತ್ತಿಕೊಂಡು ಸರಿದಳು. ಅಕ್ಕಪಕ್ಕದವರೂ ಸರಿದರು. ನನ್ನ ಸುತ್ತ ಚಪ್ಪಡಿ ನೆಲ ಖಾಲಿಯಾಯಿತು. ಇಷ್ಟು ಜನರ ನಡುವೆ ಇಷ್ಟು ಜಾಗ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ.

"ಯಾವಾಗ ಮುಟ್ಟಿದೆ ಅವರನ್ನ? ಹೇಳು," ಎಂದರು ಓಂಕಾರಪ್ಪನವರು. ಅವರ ದನಿಯಲ್ಲಿ ಕೋಪಕ್ಕಿಂತ ಖುಷಿ ಹೆಚ್ಚಿತ್ತು.

ಅಷ್ಟರಲ್ಲಿ ಅಮ್ಮ ಜನರನ್ನು ಸರಿಸಿಕೊಂಡು ಬಂದಳು. ಎಲ್ಲರೂ ಹಿಂದೆ ಹೋದ ಆ ಖಾಲಿ ಜಾಗವನ್ನು ದಾಟಿ ಬಂದವಳು ಅವಳೊಬ್ಬಳೇ. ಬಟ್ಟೆ ಸುತ್ತಿದ ಕೈಯಿಂದ ನನ್ನ ಮಣಿಕಟ್ಟನ್ನು ಮುಚ್ಚಿ ಹಿಡಿದಳು. "ಇಳಿಸು ಕೈ. ಇಳಿಸೇ. ಎಲ್ಲಿ ಅಂಟಿಸ್ಕೊಂಡೆ ಇದನ್ನ?" ಎಂದಳು, ನನಗೆ ಮಾತ್ರ ಕೇಳುವಂತೆ. ಅವಳ ಬಟ್ಟೆ ಒದ್ದೆಯಾಗಿತ್ತು. ಫಿನಾಯಿಲಿನ ವಾಸನೆ, ಅರಿಸಿನದ ವಾಸನೆ. ಗಂಟು ಸಡಿಲಾಗಿ ಬಟ್ಟೆ ಜಾರಿತು, ಸುಲಿದ ಅವಳ ಬೆರಳುಗಳು ನನ್ನ ಒಣಗಿದ ಕಲೆಯ ಮೇಲಿದ್ದವು.

ನನಗೆ ಗೊತ್ತಿಲ್ಲದ್ದು ಬೇಕಾದಷ್ಟಿದೆ. ಇದೊಂದು ಗೊತ್ತಿತ್ತು. ಸಭೆಗೆಲ್ಲ ಕೇಳುವಷ್ಟು ದೊಡ್ಡದಾಗಿ, ಆದರೆ ಅಮ್ಮನ ಮುಖವನ್ನೇ ನೋಡುತ್ತ ಹೇಳಿದೆ:

"ಹೂಜಿಯನ್ನ ನಾನು ಒಂದು ಸಲಾನೂ ಮುಟ್ಟಿಲ್ಲ ಅಮ್ಮ. ಇಲ್ಲಿ ಮೊದಲು ದಾರ ಇತ್ತು. ಇದು ಅವರ ರೋಗ ಅಲ್ಲ, ನಾವೇ ನಮ್ಮ ಹಂಡೆಯಲ್ಲಿ ಕುದಿಸಿದ್ದು."